ಭತ್ತದ ತಕ್ಕಡಿ

ಬೆಳೆ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಹಾಗೆಂದರೆ ರಾಯಚೂರಿನ ನಮ್ಮ ಓಣಿಯವರಿಗೆ ನಗು. ಮನುಷ್ಯರಿಗೇ ನಳ ಯಾವಾಗ ಬರುತ್ತದೋ ಗೊತ್ತಿಲ್ಲ, ಈಕೆ ಭತ್ತದ ಬಾಯಾರಿಕೆ ಲೆಕ್ಕ ಹಾಕುತ್ತಾಳಂತೆ ಎಂದು ಕಟ್ಟೆಯ ಮೇಲೆ ಕೂತ ಹೆಂಗಸರು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ನಾನೂ ಸುಮ್ಮನೆ ಹೋಗುವವಳಲ್ಲ. ನನ್ನ ನಾಲಿಗೆ ಎಂಥದ್ದೆಂದು ದೇವದುರ್ಗದ ತವರಿನಿಂದ ಇಲ್ಲಿಯ ಕಚೇರಿಯವರೆಗೆ ಎಲ್ಲರಿಗೂ ಗೊತ್ತು. ನಿಂತು, ಚೀಲ ಕೆಳಗಿಟ್ಟು, ಒಬ್ಬೊಬ್ಬರಿಗೂ ಉತ್ತರ ಕೊಟ್ಟೇ ಮುಂದೆ ಹೋಗುತ್ತಿದ್ದೆ. ಈಗ ಅವರು ಆಡಿಕೊಳ್ಳುವುದಿಲ್ಲ. ನಾನು ಬರುವುದು ಕಂಡರೆ ಮಾತು ನಿಲ್ಲಿಸುತ್ತಾರೆ.

ಅಳೆಯುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಮಾನ್ವಿ ಕಡೆಯ ಮಲ್ಲಟದ ಹತ್ತಿರ, ಕಾಲುವೆಯ ನೀರು ತೀರಾ ಕೊನೆಗೆ ಮುಟ್ಟುವ ಜಾಗದಲ್ಲಿ, ಒಂದು ಭತ್ತದ ಗದ್ದೆಯ ಅಂಚಿಗೆ ದೊಡ್ಡದೊಂದು ಕಬ್ಬಿಣದ ಡ್ರಮ್ಮನ್ನು ನೆಲದೊಳಗೆ ಇಳಿಸಿದ್ದೆವು. ಅದರೊಳಗೆ ಅದೇ ಗದ್ದೆಯ ಮಣ್ಣು, ಅದೇ ನೀರು, ಅದೇ ಪೈರು. ಮೇಲಿನಿಂದ ನೋಡಿದರೆ ಹಸಿರಿನ ನಡುವೆ ಗುಂಡಗಿನ ಒಂದು ಅಂಚು ಕಾಣುತ್ತಿತ್ತು, ಬೇರೇನಿಲ್ಲ. ಆದರೆ ಕೆಳಗೆ ಆ ಡ್ರಮ್ಮು ಕಬ್ಬಿಣದ ಚೌಕಟ್ಟಿನ ಮೇಲೆ, ಚೌಕಟ್ಟು ತೂಕದ ಯಂತ್ರದ ಮೇಲೆ ಕೂತಿತ್ತು. ಬಿಸಿಲೇರಿದಂತೆ ಪೈರು ನೀರು ಹೀರಿ ಗಾಳಿಗೆ ಬಿಡುತ್ತದೆ, ಡ್ರಮ್ಮು ಅಷ್ಟಷ್ಟೇ ಹಗುರಾಗುತ್ತದೆ. ಆ ತೂಕ ಒಂದು ಸಿಮ್ ಕಾರ್ಡಿನ ಮೂಲಕ ರಾಯಚೂರಿನಲ್ಲಿ ನನ್ನ ಮುಂದಿನ ಕಂಪ್ಯೂಟರಿಗೆ ಬಂದು ಗೆರೆಯಾಗಿ ಓಡುತ್ತಿತ್ತು. ಬೆಳಿಗ್ಗೆ ಗೆರೆ ನೆಟ್ಟಗೆ, ಮಧ್ಯಾಹ್ನ ಇಳಿಜಾರು, ಸಂಜೆ ಮತ್ತೆ ನೆಟ್ಟಗೆ. ಗದ್ದೆಗೆ ನೀರು ಬಿಟ್ಟರೆ ಮೇಲಕ್ಕೆ. ಡ್ರಮ್ಮಿನ ಅಂಚಿನ ಮೇಲೆ ಕೊಕ್ಕರೆ ಬಂದು ಕೂತರೂ ನನಗಿಲ್ಲಿ ತಿಳಿಯುತ್ತಿತ್ತು. ಊರವರು ಅದಕ್ಕೆ ಭತ್ತದ ತಕ್ಕಡಿ ಎಂದು ಹೆಸರಿಟ್ಟರು.

ಗದ್ದೆಯ ಒಡತಿ ಒಬ್ಬ ಮುದುಕಿ. ಗಂಡ ತೀರಿದ ಮೇಲೆ ತಾನೇ ನಿಂತು ಒಕ್ಕಲುತನ ಮಾಡಿಸುವ ಗಟ್ಟಿ ಹೆಂಗಸು. ಕಾಲುವೆಯ ಮೇಲಿನ ಊರಿನವರು, ಕೆಳಗಿನವರು ನೀರು ಹೆಚ್ಚು ಹಾಳು ಮಾಡುತ್ತಾರೆಂದು ಸಭೆಯಲ್ಲಿ ದೂರಿದ್ದರಂತೆ. ಅಳೆದೇ ತೋರಿಸಿಬಿಡೋಣ ಎಂಬ ಹಟಕ್ಕೆ ಆಕೆ ನಮಗೆ ಗದ್ದೆಯ ಮೂಲೆ ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟಳೇ ಹೊರತು ಮನಸ್ಸು ಒಪ್ಪಿರಲಿಲ್ಲ. ಡ್ರಮ್ಮು ಇಳಿಸಿದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನನ್ನ ಕಡೆ ತಿರುಗಿ ಹೇಳಿದಳು:

"ಉಣ್ಣೋರ ತುತ್ತು ಎಣಸಬಾರದವ್ವ. ನೀ ನೋಡಿದ್ರ ಕುಡಿಯೋರ ಗುಟುಕು ಎಣಸಾಕ ಬಂದೀದಿ."

ನಾನು ನಕ್ಕೆ. ಇಂಥ ಮಾತಿಗೆ ನಗುವುದು ನನಗೆ ರೂಢಿ. ಆದರೆ ಡ್ರಮ್ಮಿನ ಪಕ್ಕದಲ್ಲಿದ್ದ ಗುಂಡಿಗೆ ಬಗ್ಗಿ ನೋಡಿದಾಗ ಆ ನಗು ಉಳಿಯಲಿಲ್ಲ. ತೂಕದ ಯಂತ್ರ ಒರೆಸಲು, ಬಸಿದು ನಿಂತ ನೀರು ತೆಗೆಯಲು ಒಬ್ಬರು ಕೆಳಗಿಳಿಯಬೇಕಾಗುತ್ತಿತ್ತು, ಅದಕ್ಕಾಗಿ ತೋಡಿಸಿದ ಗುಂಡಿ ಅದು. ಆಳು ಮುಳುಗುವಷ್ಟು ಆಳ, ಸಿಮೆಂಟಿನ ಗೋಡೆ, ಇಳಿಯಲು ಗೋಡೆಗೆ ಕೂರಿಸಿದ ಕಬ್ಬಿಣದ ಮೆಟ್ಟಿಲು, ಬಾಯಿಗೆ ಒಂದು ಮುಚ್ಚಳ. ಒಳಗಿನ ಕತ್ತಲೆ, ಆ ತಣ್ಣನೆಯ ಮಣ್ಣಿನ ವಾಸನೆ, ಎಲ್ಲಾ ನನಗೆ ಗೊತ್ತಿದ್ದದ್ದೇ. ದೇವದುರ್ಗದ ನಮ್ಮ ಮನೆಯ ಮುಂದೆ ಇಂಥದ್ದೇ ಒಂದು ಇತ್ತು. ನಮ್ಮದು ಹಗೇವು.

ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಮೇಲೆ ಕಿರಿದಾದ ಬಾಯಿ, ಒಳಗೆ ಹೊಟ್ಟೆ. ಸುತ್ತಲೂ ಹುಲ್ಲು ಕೊಟ್ಟು ಜೋಳ ಸುರಿದು, ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದನ್ನು ತೆಗೆಯುವ ದಿನ ನಮ್ಮಲ್ಲಿ ಒಂದು ಪದ್ಧತಿ. ಬಂಡೆ ಸರಿಸಿದ ಮೇಲೆ ಯಾರೂ ಒಳಗಿಳಿಯುವಂತಿಲ್ಲ. ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು ಬಂದು, ಹಣತೆಯನ್ನು ತಟ್ಟೆಯಲ್ಲಿಟ್ಟು, ತಟ್ಟೆಗೆ ಹಗ್ಗ ಕಟ್ಟಿ ನಿಧಾನಕ್ಕೆ ಒಳಗೆ ಬಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ, ಒಳಗೆ ಲಕ್ಷ್ಮಿ ಇದ್ದಾಳೆ, ಮೊದಲು ಅವಳಿಗೆ ಬೆಳಕು ತೋರಿಸಬೇಕು ಎನ್ನುತ್ತಿದ್ದಳು.

ಒಂದು ವರ್ಷ ಹಣತೆ ಅರ್ಧಕ್ಕೆ ಹೋಗಿ ಆರಿತು. ಅಜ್ಜಿ ಮೇಲೆಳೆದು ಮತ್ತೆ ಹಚ್ಚಿ ಇಳಿಸಿದಳು. ಮತ್ತೆ ಆರಿತು. ಗಾಳಿ ಇರಲಿಲ್ಲ. ಸುತ್ತ ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತಾ ನಿಂತರು. ಅಜ್ಜಿಯ ಮುಖ ಸುಣ್ಣದ ಗೋಡೆಯಂತಾಗಿತ್ತು. ಕಂಬಳಿ ತರಿಸಿ, ಅದಕ್ಕೆ ಹಗ್ಗ ಕಟ್ಟಿಸಿ, ಒಳಗೆ ಬಿಟ್ಟು ಎಳೆ, ಬಿಟ್ಟು ಎಳೆ ಎಂದು ಗಂಡಸರಿಗೆ ಹೇಳಿದಳು. ಬಾವಿಯ ನೀರು ಸೇದುವಂತೆ ಅವರು ಬಹಳ ಹೊತ್ತು ಗಾಳಿ ಸೇದಿದರು. ನಾನು ನಡುವೆ ಬಾಯಿ ಹಾಕಿ, ಲಕ್ಷ್ಮಿಗೆ ಬೆಳಕು ಬ್ಯಾಡೇನು ಎಂದು ಕೇಳಿದೆ. ಅಜ್ಜಿ ನನ್ನ ತೊಡೆ ಚಿವುಟಿದ ಗುರುತು ಎಷ್ಟೋ ದಿನ ಇತ್ತು.

ಕಾರಣ ಹೇಳಿದವಳು ಅವ್ವ. ಅದೂ ಒಲೆಯ ಮುಂದೆ, ಪಿಸುಮಾತಿನಲ್ಲಿ. ಅಜ್ಜನ ತಮ್ಮ ಆ ಹಗೇವಿಗೆ ಇಳಿದು ಮೇಲೆ ಬರಲಿಲ್ಲವಂತೆ. ಒಳಗೆ ಜೋಳ ಮುಗ್ಗಿ ಗಾಳಿ ಕೆಟ್ಟಿರುತ್ತದೆ, ಆ ಗಾಳಿಯಲ್ಲಿ ಬೆಂಕಿ ಉರಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ದೀಪ ಆರಿದರೆ ಇಳಿಯಬಾರದು, ಅಷ್ಟೇ ಅದರ ಗುಟ್ಟು. ಆದರೆ ಧಾನ್ಯದ ಮುಂದೆ ಸಾವಿನ ಮಾತು ಆಡಬಾರದು, ಅದಕ್ಕೇ ಅಜ್ಜಿ ಲಕ್ಷ್ಮಿಯ ಹೆಸರು ಹೇಳುತ್ತಾಳೆ ಎಂದಳು ಅವ್ವ. ಆಗ ನನ್ನ ತಮ್ಮ ಅವಳ ತೊಡೆಯ ಮೇಲೆ ಮಲಗಿ ಹಾಲು ಕುಡಿಯುತ್ತಿದ್ದ. ಅವನು ಓಡಾಡುವ ಹೊತ್ತಿಗೆ ಮನೆಯ ಹಗೇವಿಗೆ ಮಣ್ಣು ತುಂಬಿ ಆಗಿತ್ತು. ಅವನಿಗೆ ಉಳಿದದ್ದು ಲಕ್ಷ್ಮಿಯ ಕತೆ ಮಾತ್ರ. ಇದು ನನಗೆ ಆಗ ತಿಳಿದಿರಲಿಲ್ಲ. ಮನೆಯಲ್ಲಿ ನಡೆಯುವ ಪದ್ಧತಿಯ ಕಾರಣ ಮನೆಯವರೆಲ್ಲರಿಗೂ ಗೊತ್ತು ಎಂದೇ ನಾವೆಲ್ಲ ಬದುಕುತ್ತೇವಲ್ಲ.

ಆ ತಮ್ಮನೇ ಮಲ್ಲಟದ ಗುಂಡಿಗೆ ಇಳಿಯುವವನು. ಬೇರೆ ಯಾರೂ ಇಳಿಯುತ್ತಿರಲಿಲ್ಲ. ಟೆಂಪೋ ಓಡಿಸಿ ಸೊಂಟ ಹಿಡಿದುಕೊಂಡು ದೇವದುರ್ಗದಲ್ಲಿ ಕೂತಿದ್ದ. ಗದ್ದೆ ನೋಡಿಕೊಳ್ಳಲು ಒಬ್ಬರು ಬೇಕು ಎಂದು ಕಚೇರಿಯಲ್ಲಿ ಕೇಳಿದಾಗ ಅವನ ಹೆಂಡತಿಯೇ ನನಗೆ ಫೋನು ಮಾಡಿ, ಅಕ್ಕಾ, ಇವರನ್ನೇ ಹಚ್ಚು ಎಂದಳು. ಆಕೆ ದೇವದುರ್ಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಉಳಿದಳು. ಇವನು ಗದ್ದೆಯ ಬದಿಯ ಶೆಡ್ಡಿನಲ್ಲಿದ್ದು ಶನಿವಾರಕ್ಕೊಮ್ಮೆ ಬಸ್ಸು ಹಿಡಿದು ಮನೆಗೆ ಹೋಗಿಬರುತ್ತಿದ್ದ. ಬಹಳ ಖುಷಿಯಲ್ಲಿದ್ದ. ನನಗೆ ಮಾತ್ರ ಅವನು ಆ ಮುಚ್ಚಳ ತೆಗೆದಾಗಲೆಲ್ಲ ಹಗೇವಿನ ಬಾಯಿ ನೆನಪಾಗುತ್ತಿತ್ತು.

ಮೊದಲ ಸಲ ಇಳಿಯುವ ಮುಂಚೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಶೆಡ್ಡಿಗೆ ಹೋಗಿ ಕಂದೀಲು ಹಚ್ಚಿ ತಂದ. ಹಗ್ಗ ಕಟ್ಟಿ ಗುಂಡಿಗೆ ಬಿಟ್ಟ. ಸ್ವಲ್ಪ ಹೊತ್ತು ಹಾಗೇ ಹಿಡಿದು, ಕೈ ಮುಗಿದು, ಮೇಲೆಳೆದುಕೊಂಡು ಇಳಿದ. ಕಂದೀಲು ಚೆನ್ನಾಗಿ ಉರಿಯುತ್ತಿತ್ತು. ಅಜ್ಜಿಯ ಮೊಮ್ಮಗ ಅಂದರೆ ಮೊಮ್ಮಗ, ಹೇಳಿಕೊಡುವ ಕೆಲಸವೇ ಇಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಇಳಿಯುವಾಗಲೆಲ್ಲ ಕಂದೀಲು. ಅದು ಅವನಿಗೆ ಪೂಜೆ, ನನಗೆ ಪರೀಕ್ಷೆ. ನೋಡಲು ಎರಡೂ ಒಂದೇ.

ಗುಂಡಿಯ ಮೆಟ್ಟಿಲು ಗಿಡ್ಡವಾಗಿತ್ತು. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲು ಎಟಕುತ್ತಿರಲಿಲ್ಲ. ಡ್ರಮ್ಮು ಕೂತ ಚೌಕಟ್ಟಿನ ಅಂಚು ಗುಂಡಿಯೊಳಗೆ ಒಂದು ಗೇಣು ಚಾಚಿಕೊಂಡಿತ್ತು. ತಮ್ಮ ಇಳಿಯುವಾಗ ಒಂದು ಕಾಲು ಅದರ ಮೇಲಿಟ್ಟು ಕೆಳಗೆ ಜಿಗಿಯುತ್ತಿದ್ದ. ಹಾಗೆ ಇಟ್ಟನೆಂದರೆ ರಾಯಚೂರಿನಲ್ಲಿ ನನ್ನ ಗೆರೆ ಚಂಗನೆ ಮೇಲೆ ಹಾರಿ ಮತ್ತೆ ಕೆಳಗೆ ಬೀಳುತ್ತಿತ್ತು. ನಾನು ತಕ್ಷಣ ಫೋನು ಹಚ್ಚಿ ಬೈಯುತ್ತಿದ್ದೆ. ಯಂತ್ರ ನಾಜೂಕು, ಕಾಲಿಡಬೇಡ ಎಂದು ಎಷ್ಟು ಸಲ ಹೇಳಬೇಕು, ನೀನೇನು ಎಮ್ಮೆಯೇನು ಎಂದು. ಅವನು ನಗುತ್ತಿದ್ದ.

"ಅಕ್ಕಾ, ನಾನಿಲ್ಲಿ ಕೆಮ್ಮಿದ್ರ ನಿನಗ ರಾಯಚೂರಾಗ ಕೇಳತದೇನು?"

ಕೆಮ್ಮಬೇಡ, ಅದೂ ಕೇಳುತ್ತದೆ ಎನ್ನುತ್ತಿದ್ದೆ. ಆಮೇಲೆ ಅವನು ಬೇಕೆಂದೇ ಕಾಲಿಡತೊಡಗಿದ. ಅವನಿಗೆ ಹೊತ್ತು ಹೋಗದಿದ್ದಾಗ ಗೆರೆ ಒಮ್ಮೆ ಚಂಗನೆ ಹಾರುತ್ತಿತ್ತು. ನಾನು ಫೋನು ಮಾಡಿದರೆ ಆ ಕಡೆಯಿಂದ, ಊಟ ಆಯಿತೇನು ಎಂದು ಕೇಳುತ್ತಿದ್ದ. ಇದನ್ನು ಅವನು ಶನಿವಾರ ಮನೆಗೆ ಹೋದಾಗ ಹೆಂಡತಿಗೆ ಹೇಳಿ ನಗಿಸುತ್ತಿದ್ದನಂತೆ. ನಾನಲ್ಲಿ ಕಾಲಿಟ್ಟರೆ ಅಕ್ಕ ಇಲ್ಲಿ ಬೈಯುತ್ತಾಳೆ ಎಂದು.

ಸಂಜೆ ಕಚೇರಿ ಬಿಡುವ ಮುಂಚೆ ಗೆರೆಯನ್ನು ಹಸನು ಮಾಡುವುದು ನನ್ನ ಕೆಲಸ. ಪೈರಿನ ನೀರಲ್ಲದ್ದು ಏನೇ ಇದ್ದರೂ ಅಳಿಸಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಕೊಕ್ಕರೆ ಕೂತದ್ದು ಅಳಿಸುತ್ತಿದ್ದೆ. ತಮ್ಮ ಕಾಲಿಟ್ಟದ್ದು ಅಳಿಸುತ್ತಿದ್ದೆ. ಕೆಲಸ ಎಂದ ಮೇಲೆ ಕೆಲಸ, ಅದರಲ್ಲಿ ನಾನು ಎತ್ತಿದ ಕೈ. ಪೈರು ಕುಡಿದ ನೀರು ಮಾತ್ರ ಉಳಿದ ಗೆರೆ ನೋಡಲು ಎಷ್ಟು ಚೆಂದ ಇರುತ್ತದೆ ಎಂದರೆ, ಮನೆ ಸಾರಿಸಿ ರಂಗೋಲಿ ಹಾಕಿದ ಹಾಗೆ.

ಆ ವರ್ಷ ಕೆಟ್ಟದ್ದು ಒಂದೊಂದೇ ಸೇರಿಕೊಳ್ಳುತ್ತಿತ್ತು, ಆಗ ಅದು ಕೆಟ್ಟದ್ದೆಂದು ಗೊತ್ತಾಗಲಿಲ್ಲ. ರೇಷನ್ನಿನಲ್ಲಿ ಕಂದೀಲಿನ ಚಿಮಣಿ ಎಣ್ಣೆ ಕೊಡುವುದು ನಿಂತು ಬಹಳ ದಿನವಾಗಿತ್ತು. ತಮ್ಮನ ಡಬ್ಬಿಯ ತಳದಲ್ಲಿ ಇದ್ದದ್ದೂ ಮುಗಿಯುತ್ತಾ ಬಂದಿತ್ತು. ಕೇಳಿದರೆ, ನೀ ಅದರ ಚಿಂತೆ ಬಿಡು, ನಾನು ನೋಡಿಕೊಳ್ಳುತ್ತೇನೆ ಎಂದ. ಎಲ್ಲೋ ಹುಡುಕಿ ತಂದಿರಬೇಕು ಎಂದುಕೊಂಡೆ. ಗುಂಡಿಯ ತಳದಲ್ಲಿ ಕೆಸರಾಗಿ ಕಾಲು ಜಾರುತ್ತದೆಂದು ಅವನು ಭತ್ತದ ಹುಲ್ಲು ಹಾಸಿಕೊಂಡಿದ್ದ. ಆಮೇಲೆ ಉತ್ತರೆ ಮಳೆ ಹಿಡಿಯಿತು. ನಮ್ಮ ಕಡೆ ಅಪರೂಪಕ್ಕೆ ಹಿಡಿಯುವ ಜಡಿಮಳೆ. ಗುಂಡಿಗೆ ನೀರು ನುಗ್ಗದಿರಲಿ ಎಂದು ಮುಚ್ಚಳದ ಮೇಲೆ ತಾಡಪತ್ರಿ ಹೊದಿಸಿ, ಸುತ್ತ ಮಣ್ಣಿನ ಹೆಂಟೆ ಇಟ್ಟು ಬಿಗಿದು ಬಂದ. ಹಗೇವಿನ ಬಾಯಿಗೆ ಮಣ್ಣು ಮೆತ್ತಿದ ಹಾಗೆಯೇ. ಒಳಗೆ ಹುಲ್ಲು ಕೊಳೆಯುತ್ತಿತ್ತು.

ಮಳೆ ನಿಲ್ಲುವ ಹೊತ್ತಿಗೆ ನನ್ನ ಗೆರೆ ಕುಣಿಯತೊಡಗಿತು. ಗೋಡೆಯಿಂದ ಜಿನುಗಿದ ನೀರು ತೂಕದ ಯಂತ್ರಕ್ಕೆ ತಾಗಿತ್ತು. ಕಚೇರಿಯಲ್ಲಿ ಹಿರಿಯರು ಬಂದು ನನ್ನ ಪರದೆ ನೋಡಿ ಮುಖ ಗಂಟಿಕ್ಕಿ ಹೋದರು. ತಮ್ಮ ತಾಡಪತ್ರಿ ಸರಿಸಿ ಮುಚ್ಚಳ ಎತ್ತಿ ನೋಡಿದ್ದನಂತೆ. ನೀರು ಮೊಣಕಾಲು ಮಟ್ಟ ಇದೆ, ಮೇಲೆ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ ಎಂದು ಫೋನಿನಲ್ಲಿ ಹೇಳಿದ. ಕಪ್ಪೆ ನೀರಿನಲ್ಲಿ ಮುಳುಗಿ ಸಾಯುವುದಿಲ್ಲ. ಹಗೇವಿನ ಕೆಟ್ಟ ಗಾಳಿ ನೆನಪಾಯಿತು. ಮುಚ್ಚಳ ತೆಗೆದೇ ಇರಲಿ, ನಾಳೆ ನಾನು ಬರುತ್ತೇನೆ, ಅಲ್ಲಿಯವರೆಗೆ ಇಳಿಯಬೇಡ ಎಂದೆ. ಹೂಂ ಎಂದ. ಹೂಂ ಎಂದದ್ದನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೇನೆ.

"ಬೆಳಕು ತೋರಸದ ಇಳಿಯಾಕ ನನಗೇನು ಹುಚ್ಚೇನು? ಅಜ್ಜಿ ಬೈತಾಳ," ಎಂದು ಮೇಲೆ ಒಂದು ಮಾತು ಸೇರಿಸಿದ.

ಮರುದಿನ ಬೆಳಿಗ್ಗೆ ಕಚೇರಿಯ ಜೀಪು ಹೊರಡುವುದು ತಡವಾಯಿತು. ಚಾಲಕ ಚಹಾಕ್ಕೆ ಹೋಗಿದ್ದ, ನಾನು ಪರದೆಯ ಮುಂದೆ ಕೂತಿದ್ದೆ. ಎಷ್ಟೋ ದಿನದ ಮೇಲೆ ಬಿಸಿಲು ಬಿದ್ದಿತ್ತು. ಇಷ್ಟು ಬಿಸಿಲಿಗೆ ಪೈರು ಗಟಗಟ ಕುಡಿಯಬೇಕು, ಗೆರೆ ಇಳಿಯಬೇಕು. ಗೆರೆ ಕುಣಿಯುತ್ತಲೇ ಇತ್ತು. ನೋಡುತ್ತಿದ್ದಂತೆ ಚಂಗನೆ ಮೇಲೆ ಹಾರಿತು.

ಮೊದಲು ಬಂದದ್ದು ಸಿಟ್ಟು. ಬೇಡ ಎಂದರೂ ಇಳಿದನಲ್ಲ, ಮತ್ತೆ ಚೌಕಟ್ಟಿನ ಮೇಲೇ ಕಾಲಿಟ್ಟನಲ್ಲ ಎಂದು ಹಲ್ಲು ಕಡಿದು ಫೋನು ಎತ್ತಿಕೊಂಡೆ. ಬೈಯಲು ಮಾತೂ ಸಿದ್ಧವಾಗಿತ್ತು. ಅವನ ಫೋನು ರಿಂಗಾಯಿತು. ಎತ್ತಲಿಲ್ಲ. ಪರದೆ ನೋಡಿದೆ. ಗೆರೆ ಕೆಳಗೆ ಬಂದಿರಲಿಲ್ಲ. ಅವನ ಕಾಲು ಯಾವತ್ತೂ ಅಷ್ಟು ಹೊತ್ತು ಅಲ್ಲಿ ಇರುತ್ತಿರಲಿಲ್ಲ. ಮತ್ತೆ ಫೋನು ಮಾಡಿದೆ, ಮತ್ತೆ ರಿಂಗಾಗಿ ನಿಂತಿತು. ಮೇಲೇರಿದ ಗೆರೆ ಸ್ವಲ್ಪ ಹೊತ್ತು ನಡುಗಿತು. ಆಮೇಲೆ ನಡುಗುವುದು ನಿಂತಿತು. ಒಬ್ಬ ಆಳಿನ ಅರ್ಧಕ್ಕಿಂತ ಹೆಚ್ಚು ಭಾರ ಅಲ್ಲಿ ಸುಮ್ಮನೆ ಕೂತಿತ್ತು.

ಒಡತಿಗೆ ಫೋನು ಮಾಡಿದೆ. ಆಕೆ ಕಳೆ ತೆಗೆಯುವ ಹೆಂಗಸರ ಜೊತೆ ಗದ್ದೆಯಲ್ಲೇ ಇದ್ದಳು. ನನ್ನ ತಮ್ಮ ಎಲ್ಲಿ ಎಂದೆ. ಗುಂಡಿಯೊಳಗೆ ಇಳಿದನಲ್ಲ, ಅಕ್ಕ ಬರುವುದರೊಳಗೆ ನೀರು ತೆಗೆದುಬಿಡುತ್ತೇನೆ, ಆಕೆಯ ಗೆರೆ ಕುಣಿಯುತ್ತಿದೆಯಂತೆ ಎಂದು ಹೇಳಿ ಹೋದ ಎಂದಳು. ಹೋಗಿ ನೋಡಿರಿ, ಓಡಿರಿ ಎಂದು ನಾನು ಕೂಗಿದೆ. ಬದುವಿನ ಮೇಲೆ ಮುದುಕಿ ಏದುಸಿರು ಬಿಡುತ್ತಾ ನಡೆಯುವುದು ಕಿವಿಯಲ್ಲಿ ಕೇಳುತ್ತಿತ್ತು. ಕಂಡನೇ ಎಂದು ನಾನು ಕೇಳಿದೆ, ಮತ್ತೆ ಕೇಳಿದೆ.

"ಡ್ರಮ್ಮಿಗೆ ಒರಗಿ ಕುಂತಾನವ್ವ," ಎಂದಳು ಕೊನೆಗೆ. "ಕರದ್ರ ಮ್ಯಾಲ ನೋಡವಲ್ಲ."

ದೀಪ ಇಳಿಸಿದ್ದನೇ ಎಂದು ಕೇಳಿದೆ. ಇಳಿಸಿದ್ದ, ನಾನೇ ಕಣ್ಣಾರೆ ನೋಡಿದೆ, ಕೈ ಮುಗಿದೇ ಇಳಿದ ಎಂದಳು. ಆರಿತೇ ಎಂದೆ. ಅದಕ್ಕೆ ಆಕೆ ಹೇಳಿದ ಮಾತು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

"ಎಲ್ಲಿ ಆರತದವ್ವ, ಇನ್ನೂ ಹಂಗ ಉರಿಯಾಕತ್ತದ. ಫೋನಿನ ಬ್ಯಾಟರಿ ಅದು. ಹಗ್ಗಕ್ಕ ಕಟ್ಟಿ ಬಿಟ್ಟಾನ. ಆಗಳೆ ಒಳಗ ಒಂದ ಸವನ ರಿಂಗ್ ಆತು, ಗದ್ದಿತನಕ ಕೇಳಸ್ತು."

ರಿಂಗ್ ಮಾಡಿದವಳು ನಾನು. ಚಿಮಣಿ ಎಣ್ಣೆ ಇರಲಿಲ್ಲ, ಲಕ್ಷ್ಮಿಗೆ ಯಾವ ಬೆಳಕಾದರೇನು ಎಂದು ಅವನು ಮೊಬೈಲಿನ ಟಾರ್ಚು ಹಚ್ಚಿ ಇಳಿಸಿದ್ದ. ಆ ಬೆಳಕು ಯಾವ ಗಾಳಿಯಲ್ಲೂ ಆರುವುದಿಲ್ಲ. ಸತ್ತ ಕಪ್ಪೆಗಳ ಮೇಲೆ, ಕೊಳೆತ ಹುಲ್ಲಿನ ಮೇಲೆ, ಅವನ ಮೇಲೆ ಅದು ಬೆಳ್ಳಗೆ ಬೆಳಗುತ್ತಲೇ ಇತ್ತು.

ಅಷ್ಟರಲ್ಲಿ ಗದ್ದೆಯಲ್ಲಿ ಕೂಗು ಎದ್ದಿತ್ತು. ಬದುವಿನ ಆಚೆ ಟ್ರ್ಯಾಕ್ಟರ್ ನಿಲ್ಲಿಸಿದ್ದ ಡ್ರೈವರ್ ಓಡಿ ಬಂದು ಅಂಗಿ ಕಳಚಿ, ನಾನು ಇಳಿಯುತ್ತೇನೆ ಎನ್ನುವುದು ಕೇಳಿಸಿತು. ತಮ್ಮನ ಜೊತೆ ದಿನಾ ಊಟ ಮಾಡುತ್ತಿದ್ದವನು ಅವನು, ಮನೆಯಲ್ಲಿ ಸಣ್ಣ ಮಕ್ಕಳಿದ್ದವು. ಅವನು ಇಳಿದರೆ ಗೆರೆ ಇನ್ನೊಂದು ಸಲ ಹಾರುತ್ತದೆ, ಆಮೇಲೆ ಅವನನ್ನು ತೆಗೆಯಲು ಮತ್ತೊಬ್ಬ. ನಾನು ಆ ಫೋನಿನೊಳಗೆ ನನ್ನ ಜೀವಮಾನದಲ್ಲೇ ಕೂಗದಷ್ಟು ಜೋರಾಗಿ ಕೂಗಿದೆ.

"ಯವ್ವಾ, ಯಾರ್ನೂ ಇಳಿಯಾಕ ಬಿಡಬ್ಯಾಡ್ರಿ! ನನ್ನ ತಮ್ಮನ ಆಣಿ ಅದ, ಯಾರ್ನೂ ಬಿಡಬ್ಯಾಡ್ರಿ!"

ಡ್ರೈವರ್ ನನ್ನನ್ನು ಬೈದ. ಇವಳೆಂಥ ಅಕ್ಕ, ಒಡಹುಟ್ಟಿದವ ಒಳಗೆ ಬಿದ್ದಿರುವಾಗ ಇಳಿಯಬೇಡ ಅನ್ನುತ್ತಾಳಲ್ಲ ಎಂದ. ಸರಿಯಾಗಿಯೇ ಕೇಳಿದ. ನನ್ನ ತಮ್ಮ ಕೈಗೆಟಕುವಷ್ಟು ಕೆಳಗೆ ಇದ್ದಾಗ ಅವನ ಹತ್ತಿರ ಯಾರೂ ಹೋಗಬೇಡಿ ಎಂದು ತಡೆದವಳು ನಾನು. ಮುದುಕಿ ಗಟ್ಟಿ ಹೆಂಗಸು ಎಂದೆನಲ್ಲ, ಗುಂಡಿಯ ಬಾಯಿಗೆ ಅಡ್ಡ ಕೂತುಬಿಟ್ಟಳು. ಕಂಬಳಿ ಇಳಿಸಿ ಎಳೆಯಿರಿ ಎಂದೆ. ಹಗ್ಗ ಕಟ್ಟಿ ಬಿಟ್ಟು ಎಳೆ, ಬಿಟ್ಟು ಎಳೆ ಎಂದೆ. ಅಜ್ಜಿಯ ಮಾತೇ ನನ್ನ ಬಾಯಲ್ಲಿ ಬರುತ್ತಿತ್ತು. ಇನ್ನೊಬ್ಬರು ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ತಂದು ಇಳಿಬಿಟ್ಟು, ಅದರ ಕೊಕ್ಕೆಯನ್ನು ಅವನ ಬೆಲ್ಟಿಗೆ ಸಿಕ್ಕಿಸಲು ನೋಡುತ್ತಿದ್ದರಂತೆ. ಅವರು ಫೋನನ್ನು ಬದುವಿನ ಮೇಲೆ ಇಟ್ಟಿದ್ದರು. ನನಗೆ ಕೂಗು, ಕಂಬಳಿ ಗೋಡೆಗೆ ಒರಸುವ ಸದ್ದು, ಎಳೆಯುವವರ ಉಸಿರು ಮಾತ್ರ ಕೇಳುತ್ತಿತ್ತು. ಕಣ್ಣ ಮುಂದೆ ಗೆರೆ.

ಕಚೇರಿಯವರೆಲ್ಲ ನನ್ನ ಹಿಂದೆ ಬಂದು ನಿಂತಿದ್ದರು. ಯಾರೋ ಹೆಗಲ ಮೇಲೆ ಕೈಯಿಟ್ಟರು, ಕೊಡವಿದೆ. ಗೆರೆ ಒಮ್ಮೆ ಅಲುಗಿತು. ಸ್ವಲ್ಪ ಇಳಿಯಿತು, ಮತ್ತೆ ಏರಿತು. ಆಮೇಲೆ ಒಂದೇ ಸಲಕ್ಕೆ ಕೆಳಗೆ ಬಂದು ತನ್ನ ಹಳೆಯ ಜಾಗದಲ್ಲಿ ನಿಂತಿತು. ಹಿಂದಿದ್ದವರೊಬ್ಬರು ದೇವರೇ ಎಂದು ಉಸಿರು ಬಿಟ್ಟರು. ನಾನು ಬಿಡಲಿಲ್ಲ. ಅವನನ್ನು ಮೇಲೆತ್ತಿದರೂ ಗೆರೆ ಹೀಗೇ ಇಳಿಯುತ್ತದೆ, ಚೌಕಟ್ಟಿನಿಂದ ಜಾರಿ ನೀರಿಗೆ ಬಿದ್ದರೂ ಹೀಗೇ ಇಳಿಯುತ್ತದೆ. ಆ ಯಂತ್ರಕ್ಕೆ ಭಾರ ಗೊತ್ತು, ಬೇರೆ ಏನೂ ಗೊತ್ತಿಲ್ಲ.

ಬಹಳ ಹೊತ್ತಿನ ಮೇಲೆ ಮುದುಕಿ ಫೋನು ಎತ್ತಿಕೊಂಡಳು. ಮೇಲೆ ತಂದೆವು ಎಂದಳು. ಹೇಗಿದ್ದಾನೆ ಎಂದು ಕೇಳಿದೆ.

"ನೀ ಬಾರವ್ವ," ಎಂದಳು.

ಮಾನ್ವಿಯ ಆಸ್ಪತ್ರೆಯವರೆಗೂ ದಾರಿಯ ಎರಡೂ ಕಡೆ ಭತ್ತ ಬಿಸಿಲಿಗೆ ಹೊಳೆಯುತ್ತಿತ್ತು. ಮಳೆ ಬಂದು ಬಿಸಿಲು ಬಿದ್ದರೆ ಪೈರು ಒಂದೇ ದಿನದಲ್ಲಿ ಬೆಳೆದ ಹಾಗೆ ಕಾಣುತ್ತದೆ. ಎಷ್ಟು ಕುಡಿಯುತ್ತಿರಬಹುದು ಎಂದು ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು, ನನಗೆ ನನ್ನ ತಲೆಯ ಮೇಲೇ ಅಸಹ್ಯವಾಯಿತು. ಆಸ್ಪತ್ರೆಯಲ್ಲಿ ಅವನನ್ನು ನೋಡಿದೆ. ಪ್ಯಾಂಟಿನ ಅಂಚಿಗೆ ಕೊಳೆತ ಹುಲ್ಲು ಅಂಟಿತ್ತು, ಬಿಡಿಸಿದೆ. ಬೇರೆ ಮಾಡುವುದೇನೂ ಉಳಿದಿರಲಿಲ್ಲ. ದೇವದುರ್ಗಕ್ಕೆ ಒಯ್ದು ಮಣ್ಣು ಮಾಡಿದೆವು. ಮಣ್ಣಿಗೆ ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ದೂರದಲ್ಲೇ ನಿಂತಿದ್ದ, ಹೋಗುವಾಗ ಹತ್ತಿರ ಬಂದು ನನ್ನ ಕಾಲು ಮುಟ್ಟಿದ. ಅವನು ಬದುಕಿದ್ದು ನನಗೆ ಬೇಕಿತ್ತು. ಆದರೂ ಅವತ್ತು ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ನನಗೆ ಅಜ್ಜಿಯ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಬಂದಿದೆ, ಏನು ಮಾಡಲಿ. ದೀಪ ಯಾಕೆ ಎಂದು ಮನೆಯ ಎಲ್ಲಾ ಮಕ್ಕಳನ್ನೂ ಕೂಡಿಸಿಕೊಂಡು ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಅವಳ ಲಕ್ಷ್ಮಿ ಓಡಿಹೋಗುತ್ತಿದ್ದಳೇ? ಒಂದು ಸಾವನ್ನು ಬಾಯಲ್ಲಿ ಆಡದೆ ಮುಚ್ಚಿಟ್ಟಳು, ಅದು ನೆಲದೊಳಗೇ ಕಾದುಕೊಂಡಿದ್ದು ಮೊಮ್ಮಗನನ್ನು ಎಳೆದುಕೊಂಡಿತು. ಈಗ ನಾನು ಕಂಡವರಿಗೆಲ್ಲ ಹೇಳುತ್ತೇನೆ. ಮದುವೆಯ ಮನೆಯಲ್ಲೂ ಹೇಳುತ್ತೇನೆ. ಅಪಶಕುನ ಎಂದು ಎದ್ದು ಹೋಗುವವರು ಹೋಗಲಿ.

ಗುಂಡಿಗೆ ಕಲ್ಲು ಮಣ್ಣು ತುಂಬಿಸಿ ಡ್ರಮ್ಮು ಕಿತ್ತು ತಂದರು. ನಾನು ಕೆಲಸಕ್ಕೆ ಮರಳಿದ ಮೇಲೆ ಹಿರಿಯರು ಬಂದು ಮೆಲ್ಲಗೆ, ಆ ಹಂಗಾಮಿನ ಗೆರೆಯನ್ನು ಹಸನು ಮಾಡಿ ಕೊಡಬೇಕಾಗುತ್ತದೆ, ಆ ದಿನದ್ದೂ ಸೇರಿ ಎಂದರು. ಕೆಟ್ಟವರಲ್ಲ, ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಮಾಡುತ್ತೇನೆ ಎಂದೆ. ದಿನಾ ತೆರೆದು ಕೂರುತ್ತಿದ್ದೆ, ಕೈ ಬರುತ್ತಿರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ತಮ್ಮನ ಹೆಂಡತಿ ರಾಯಚೂರಿಗೆ ಬಂದಳು. ಮನೆಗೆ ಬರಲಿಲ್ಲ, ಬಸ್ ಸ್ಟ್ಯಾಂಡಿನಿಂದ ಸೀದಾ ಕಚೇರಿಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ, ಬಂದರೆ ಬೈಸಿಕೊಳ್ಳಲು ಸಿದ್ಧಳಾಗಿ ಎದ್ದು ನಿಂತೆ. ಆಕೆ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು ಪರದೆ ನೋಡುತ್ತಾ ಕೇಳಿದಳು:

"ಅಕ್ಕಾ, ಅವ್ರು ಕಾಲಿಟ್ರ ಇದರಾಗ ಕಾಣತಿತ್ತಂತಲ್ಲ. ಮನಿಗೆ ಬಂದಾಗೆಲ್ಲ ಹೇಳಿ ನಗತಿದ್ರು. ಅದನ್ನ ಒಮ್ಮಿ ತೋರಸು."

ನಾನು ಹಿಂದಿನ ದಿನಗಳನ್ನು ತೆರೆದೆ. ನಾಟಿಯ ತಿಂಗಳು, ಅದರ ಮುಂದಿನ ತಿಂಗಳು. ಗೆರೆ ನುಣ್ಣಗೆ, ಚೆಂದಾಗಿ ಇಳಿದು ಏರಿ ಹೋಗುತ್ತಿತ್ತು. ಎಲ್ಲೂ ಒಂದು ಕಲೆ ಇರಲಿಲ್ಲ. ಅವನು ನನ್ನನ್ನು ಕೆಣಕಲು ಇಟ್ಟ ಒಂದೊಂದು ಕಾಲನ್ನೂ ನಾನು ಅದೇ ಸಂಜೆ ಅಳಿಸಿ ಮನೆಗೆ ಹೋಗಿದ್ದೆ. ಆಕೆ ಕಣ್ಣು ಕಿರಿದು ಮಾಡಿ ಹುಡುಕುತ್ತಲೇ ಇದ್ದಳು. ದಿನಗಳು ಸರಿಯುತ್ತಾ ಸರಿಯುತ್ತಾ ಕೊನೆಗೆ ಮಳೆಯ ದಿನಗಳು ಬಂದವು, ಕುಣಿಯುವ ಗೆರೆ ಬಂತು. ಅದರಾಚೆ ಅದು, ನಾನು ಅಳಿಸದೆ ಉಳಿಸಿಕೊಂಡ ಒಂದೇ ಒಂದು.

ಆಕೆ ಬೆರಳು ಚಾಚಿ ಪರದೆಯ ಮೇಲೆ, ಮೇಲೇರಿ ನಿಂತ ಗೆರೆಯ ಉದ್ದಕ್ಕೂ ಮೆಲ್ಲಗೆ ಸವರಿದಳು. ಮುಖದಲ್ಲಿ ಸಣ್ಣದೊಂದು ನಗು ಬಂತು.

"ಇದ ಏನು? ಬಾಳ ಹೊತ್ತು ನಿಂತಾರಲ್ಲ," ಎಂದಳು. "ಇದು ಯಾವತ್ತಿಂದಕ್ಕಾ?"

ನಾನು ಹೇಳಿದೆ.